ಎದೆಯ ಮೇಲೆ ಲಿಂಗ, ಕೈಯಲ್ಲಿ ಗರಗಸ

ನೌಕರಿಗೆ ನಿವೃತ್ತಿಯುಂಟು, ಕಾಯಕಕ್ಕೆ ನಿವೃತ್ತಿಯುಂಟೆ? ಶರಣಧರ್ಮದ ಮನೆಗಳಲ್ಲಿ ಹುಟ್ಟಿ ಬೆಳೆದವರೆಲ್ಲರೂ ಅರುವತ್ತರ ಹೊಸ್ತಿಲಲ್ಲಿ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಸಂಬಳ ನಿಂತ ಮರುದಿನವೇ ಕೈಗಳು ಸುಮ್ಮನಿರಲು ಒಪ್ಪುವುದಿಲ್ಲ. ಕೆಲವರು ತೋಟವನ್ನು ಹಿಡಿಯುತ್ತಾರೆ, ಕೆಲವರು ವಚನಗಳ ಪಾರಾಯಣವನ್ನು ಹಿಡಿಯುತ್ತಾರೆ, ಇನ್ನು ಕೆಲವರು ದೂರದರ್ಶನದ ಮುಂದೆ ಕುಳಿತು ಬೇಸರವನ್ನೇ ಹವ್ಯಾಸ ಮಾಡಿಕೊಳ್ಳುತ್ತಾರೆ. ನಾನು ಹಿಡಿದದ್ದು ಮರ ಕಡಿಯುವ ಸರಪಳಿ ಗರಗಸವನ್ನು. ಕಡಿಯುವುದಕ್ಕಲ್ಲ, ಕೆತ್ತುವುದಕ್ಕೆ. ಮಲೆನಾಡಿನ ಕಾಡುಗಳಲ್ಲಿ ಗುಂಯ್ಯೆಂದು ಸದ್ದು ಮಾಡಿ ಕ್ಷಣಾರ್ಧದಲ್ಲಿ ಮರವನ್ನುರುಳಿಸುವ ಆ ಯಂತ್ರದಿಂದ ಕರಡಿಯ ಮೂಗನ್ನೂ ಗೂಬೆಯ ರೆಕ್ಕೆಯನ್ನೂ ಬಿಡಿಸಬಹುದೆಂದರೆ ಊರಿನ ಬಂಧುಗಳು ನಂಬಲಾರರು.

ನಮ್ಮ ವಾಸ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಪಶ್ಚಿಮ ಭಾಗದಲ್ಲಿ. 1681ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನು ವಿಲಿಯಂ ಪೆನ್ ಎಂಬುವನಿಗೆ ಈ ಭೂಮಿಯ ಸನ್ನದನ್ನು ಕೊಟ್ಟನು. ರಾಜ್ಯದ ಹೆಸರಿನ ಅರ್ಥವೇ ‘ಪೆನ್ನನ ಕಾಡು’ ಎಂದು. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇಪ್ಪತ್ತನೆಯದರ ಆರಂಭದಲ್ಲಿಯೂ ಈ ಕಾಡುಗಳನ್ನು ಬಹುತೇಕ ಬೋಳುಮಾಡಲಾಯಿತು. ಬಳಿಕ ಬುದ್ಧಿ ಬಂದು 1923ರಲ್ಲಿ ಅಲೆಗೆನಿ ರಾಷ್ಟ್ರೀಯ ಅರಣ್ಯವನ್ನು ಸ್ಥಾಪಿಸಿದರು. ಇಂದು ರಾಜ್ಯದ ಅರ್ಧಕ್ಕಿಂತ ಹೆಚ್ಚು ನೆಲ ಮತ್ತೆ ಹಸಿರಾಗಿದೆ. ಕಾಡಿನಲ್ಲಿ ನಡೆಯುವುದು ನನಗೆ ಬಾಲ್ಯದಿಂದ ಬಂದ ಹುಚ್ಚು. ಧಾರವಾಡದ ಸೀಮೆಯ ಕುರುಚಲು ಕಾಡಿನಲ್ಲಿ ಆರಂಭವಾದ ಆ ನಡಿಗೆ ಇಲ್ಲಿಯ ಪೈನ್ ಮತ್ತು ಹೆಮ್ಲಾಕ್ ಮರಗಳ ನೆರಳಿನಲ್ಲಿಯೂ ಮುಂದುವರಿದಿದೆ.

ಆದರೆ ಇಲ್ಲಿ ಕಾಡನ್ನು ಪ್ರೀತಿಸುವವನೆಂದರೆ ಬೇಟೆಗಾರ ಅಥವಾ ಮೀನು ಹಿಡಿಯುವವನು ಎಂದೇ ಅರ್ಥ. ಬಂದೂಕಿನಿಂದ ಜಿಂಕೆ ಬೇಟೆಯಾಡುವ ಋತು 2018ರವರೆಗೂ ನವೆಂಬರ್ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರು ಸೋಮವಾರ ಆರಂಭವಾಗುತ್ತಿತ್ತು. 2019ರಲ್ಲಿ ಅದನ್ನು ಶನಿವಾರಕ್ಕೆ ಬದಲಾಯಿಸಿದರು. ಆ ಸೋಮವಾರ ಅನೇಕ ಶಾಲೆಗಳಿಗೆ ರಜೆಯೇ ಇರುತ್ತಿತ್ತು. ನೆರೆಹೊರೆಯವರು ಸಜ್ಜನರು, ಕಷ್ಟಕ್ಕೆ ಒದಗುವವರು. ಪ್ರೀತಿಯಿಂದಲೇ ನನ್ನನ್ನು ಬೇಟೆಗೆ ಕರೆಯುತ್ತಿದ್ದರು. ಸಕಲ ಜೀವಿಗಳಲ್ಲಿ ದಯೆಯೇ ಧರ್ಮದ ಬೇರೆಂದು ಕಲಿತು ಬಂದವನು ಅದಕ್ಕೆ ಹೇಗೆ ಒಪ್ಪಿಯಾನು? ಹಾಗೆಂದು ಕದ ಹಾಕಿಕೊಂಡು ಕುಳಿತರೆ ನೆರೆಹೊರೆಯೊಡನೆ ಬಾಳುವುದೆಂತು? ಕಾಡಿಗೂ ಸಲ್ಲುವ, ಊರಿಗೂ ಸಲ್ಲುವ, ನನ್ನ ವ್ರತಕ್ಕೂ ಕೊರತೆಯಾಗದ ಒಂದು ಕೆಲಸ ನನಗೆ ಬೇಕಾಗಿತ್ತು. ಅದು ದೊರೆತದ್ದು ನಮ್ಮ ಬೀದಿಯ ಕೊನೆಯ ಮನೆಯಲ್ಲಿ. ಮರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಅಲ್ಲಿದ್ದಾರೆ. ಬಿದ್ದ ಮರದ ತುಂಡುಗಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಕರಡಿ, ಗೂಬೆ, ಹದ್ದುಗಳನ್ನು ಸರಪಳಿ ಗರಗಸದಿಂದಲೇ ಕೆತ್ತುವುದು ಅವರ ನಿತ್ಯದ ಕೆಲಸ.

ಈ ಕಲೆ ಬಹಳ ಹಳೆಯದಲ್ಲ. ಒಬ್ಬನೇ ಮನುಷ್ಯ ಎತ್ತಿ ಹಿಡಿಯಬಹುದಾದ ಪೆಟ್ರೋಲ್ ಗರಗಸಗಳು ಬಳಕೆಗೆ ಬಂದ ಮೇಲೆ, 1950ರ ದಶಕದಿಂದೀಚೆಗೆ, ಮರ ಕಡಿಯುವವರ ಬಿಡುವಿನ ವಿನೋದವಾಗಿ ಇದು ಬೆಳೆಯಿತು. ನಮ್ಮ ರಾಜ್ಯದ ರಿಜ್‌ವೇ ಎಂಬ ಸಣ್ಣ ಪಟ್ಟಣದಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಚಳಿಗಾಲದ ನಡುವೆ ನೂರಾರು ಕೆತ್ತನೆಗಾರರು ನೆರೆದು ಹಿಮದ ನಡುವೆಯೇ ದಿಮ್ಮಿಗಳಿಗೆ ರೂಪ ಕೊಡುತ್ತಿದ್ದರು. ಗರಗಸದ ಸರಪಳಿಯ ಹಲ್ಲಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಒರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಗೆಲಸದವನು 1946ರಲ್ಲಿ ಕೊಳೆತ ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳುವನ್ನು ಕಂಡನಂತೆ. ಆ ಹುಳು ತನ್ನ ಬಾಗಿದ ದವಡೆಗಳಿಂದ ಎಡಕ್ಕೂ ಬಲಕ್ಕೂ ಕತ್ತರಿಸುತ್ತ, ಮರದ ಎಳೆಗೆ ಅಡ್ಡಲಾಗಿಯೂ ಉದ್ದವಾಗಿಯೂ ಸಲೀಸಾಗಿ ಸಾಗುತ್ತಿತ್ತು. ಅದನ್ನೇ ಅನುಕರಿಸಿ ಅವನು ಬಾಗಿದ ಹಲ್ಲಿನ ಸರಪಳಿಯನ್ನು ರಚಿಸಿ 1947ರಲ್ಲಿ ಅದರ ತಯಾರಿಕೆಯನ್ನು ಆರಂಭಿಸಿದನು. ಇಂದಿನ ಸರಪಳಿಗಳೆಲ್ಲ ಬಹುಮಟ್ಟಿಗೆ ಆ ವಂಶದವೇ. ಕಣ್ಣಿದ್ದವನಿಗೆ ಹುಳುವೂ ಗುರುವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಕಲಿಸಿಕೊಡಿರೆಂದು ಆ ಹಿರಿಯರನ್ನು ಕೇಳಿಕೊಂಡೆ. ಅವರು ಸಂತೋಷದಿಂದ ಒಪ್ಪಿದರು. ಆದರೆ ಮೊದಲ ದಿನವೇ ನನ್ನ ಅಂಗಿಯ ಒಳಗಿನಿಂದ ಇಣುಕುತ್ತಿದ್ದ ಶಿವದಾರವನ್ನು ನೋಡಿ, “ಕೊರಳಲ್ಲಿರುವುದನ್ನು ತೆಗೆದಿಟ್ಟು ಬನ್ನಿ” ಎಂದರು.

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಪೂರ್ಣವೇಗದಲ್ಲಿ ಈ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಜೋತಾಡುವ ದಾರ, ಸರ, ಕೊರಳವಸ್ತ್ರ, ಸಡಿಲವಾದ ತೋಳು, ಯಾವುದಾದರೂ ಅದರ ಹಲ್ಲಿಗೆ ಸಿಕ್ಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಕೊರಳಲ್ಲಿ ಏನೂ ತೂಗಬಾರದೆಂಬುದು ಈ ವಿದ್ಯೆಯ ಮೊದಲ ನಿಯಮ. ನಮ್ಮ ಧರ್ಮದ ಮೊದಲ ನಿಯಮವೋ, ದೀಕ್ಷೆಯಲ್ಲಿ ಗುರು ಕರುಣಿಸಿದ ಇಷ್ಟಲಿಂಗ ಅಂಗವನ್ನು ಅಗಲಬಾರದೆಂಬುದು. ನಾನು ಅದರ ಅರ್ಥವನ್ನು ವಿವರಿಸಿದೆ. ಅವರು ಗೌರವದಿಂದಲೇ ಕೇಳಿದರು, ಕೇಳಿದ ಮೇಲೆ, “ನಿಮ್ಮ ನಂಬಿಕೆ ನನಗೆ ಅರ್ಥವಾಯಿತು. ಆದರೆ ಯಂತ್ರಕ್ಕೆ ಅರ್ಥವಾಗುವುದಿಲ್ಲ. ದಾರಿಯೊಂದನ್ನು ಕಂಡುಕೊಂಡು ಬನ್ನಿ, ಆಮೇಲೆ ಕಲಿಸುತ್ತೇನೆ” ಎಂದು ನನ್ನನ್ನು ಮನೆಗೆ ಕಳುಹಿಸಿದರು.

ಆ ರಾತ್ರಿ ನುಲಿಯ ಚಂದಯ್ಯನವರ ನೆನಪು ಮತ್ತೆ ಮತ್ತೆ ಬಂದಿತು. ಹಗ್ಗ ಹೊಸೆಯುವ ಕಾಯಕಕ್ಕೆಂದು ಹುಲ್ಲು ಕೊಯ್ಯುತ್ತಿದ್ದಾಗ ಅವರ ಇಷ್ಟಲಿಂಗ ಜಾರಿ ಬಿದ್ದಿತೆಂದೂ, ಅವರು ಕಾಯಕವನ್ನು ನಿಲ್ಲಿಸದೆ ಮುಂದುವರಿಸಿದರೆಂದೂ ಶರಣರ ಚರಿತ್ರೆಯಲ್ಲಿ ಓದಿದ್ದೇವೆ. ಕಾಯಕ ದೊಡ್ಡದೋ ಲಿಂಗ ದೊಡ್ಡದೋ ಎಂಬ ಜಿಜ್ಞಾಸೆ ಅದರಿಂದ ಹುಟ್ಟಿತು. ಆ ಪ್ರಸಂಗವನ್ನು ಮುಂದಿಟ್ಟುಕೊಂಡು, ಕೆಲಸದ ವೇಳೆಯಲ್ಲಿ ಲಿಂಗವನ್ನು ಪೆಟ್ಟಿಗೆಯಲ್ಲಿ ಇಡಬಹುದೆಂದು ವಾದಿಸುವುದು ಸುಲಭ. ಆದರೆ ಚಂದಯ್ಯನವರದು ಕಾಯಕ. ಅದರಿಂದ ಬಂದದ್ದು ಜಂಗಮ ದಾಸೋಹಕ್ಕೆ ಸಲ್ಲುತ್ತಿತ್ತು. ನನ್ನದು ಇನ್ನೂ ಬರಿಯ ಹವ್ಯಾಸ, ನನ್ನ ಸಂತೋಷಕ್ಕಾಗಿ ಹಿಡಿಯಲಿರುವ ಕೆಲಸ. ಸಂತೋಷಕ್ಕಾಗಿ ಲಿಂಗವನ್ನು ತೆಗೆದಿಡುವ ಅಧಿಕಾರ ನನಗೆ ಎಲ್ಲಿಂದ ಬಂದೀತು? ಅಂತೆಯೇ ಲಿಂಗ ಕಾಯುತ್ತದೆಂದು ಹೇಳಿಕೊಂಡು, ಜೋತಾಡುವ ದಾರದೊಡನೆ ಯಂತ್ರದ ಮುಂದೆ ನಿಲ್ಲುವುದೂ ಭಕ್ತಿಯಲ್ಲ. ಲಿಂಗ ನೆಲೆಸಿರುವ ದೇಹವನ್ನು ಅಜಾಗ್ರತೆಯಿಂದ ಅಪಾಯಕ್ಕೆ ಒಡ್ಡುವುದು ಲಿಂಗಕ್ಕೇ ಮಾಡುವ ಅಪಚಾರ.

ದಾರಿ ನಮ್ಮ ಹಿರಿಯರ ಆಚರಣೆಯಲ್ಲಿಯೇ ಇತ್ತು. ಶಿರ, ಕಂಠ, ಕಂಕುಳು, ಎದೆ, ಅಂಗೈ ಇವೆಲ್ಲ ಲಿಂಗಧಾರಣೆಗೆ ಸಮ್ಮತವಾದ ಸ್ಥಾನಗಳು. ನಾಭಿಯ ಕೆಳಗೆ ಮಾತ್ರ ಸಲ್ಲದು. ಹೊಲದಲ್ಲಿ ದುಡಿಯುವ ನಮ್ಮ ರೈತರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಎದೆಗೆ ಅಡ್ಡಲಾಗಿ ಬಿಗಿದುಕೊಳ್ಳುತ್ತಿದ್ದುದನ್ನು ಬಾಲ್ಯದಲ್ಲಿ ನೋಡಿದ್ದೆ. ನಮ್ಮ ಮನೆಯವರಿಗೆ ವಿಷಯ ತಿಳಿಸಿದೆ. ಅವರಿಗೆ ಈ ಗರಗಸದ ಉಸಾಬರಿಯೇ ಇಷ್ಟವಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ಯಾಡ ಅಂದ್ರ ನೀವೇನ ಬಿಡೂದಿಲ್ಲ. ಹೊಲದ ಕೊಡ್ತೀನ್ರಿ. ಆದ್ರ ನಾ ಮನ್ಯಾಗ ಇಲ್ಲದಾಗ ಆ ಮಷೀನ್ ಮುಟ್ಟಬಾರದು” ಎಂದರು. ದಪ್ಪ ಹತ್ತಿಯ ಬಟ್ಟೆಯಿಂದ ಅಗಲವಾದ ಪಟ್ಟಿಯೊಂದನ್ನು ಹೊಲಿದು, ಎದೆಯ ನಡುವೆ ಲಿಂಗವಿಡಲು ಮುಚ್ಚಳವಿರುವ ಜೇಬನ್ನು ಮಾಡಿದರು. ಪಟ್ಟಿಯನ್ನು ಮೈಗೆ ಬಿಗಿದು, ಮೇಲೆ ಕೊರಳವರೆಗೂ ಗುಂಡಿ ಹಾಕಿದ ಅಂಗಿ ತೊಟ್ಟರೆ ಹೊರಗೆ ಒಂದು ಎಳೆಯೂ ಕಾಣುವುದಿಲ್ಲ. ಆ ಹಿರಿಯರು ಪರೀಕ್ಷಿಸಿ ನೋಡಿ ತಲೆಯಾಡಿಸಿದರು. ಇಂದಿಗೂ ಕೆಲಸ ಆರಂಭಿಸುವ ಮುನ್ನ ಅವರು ನನ್ನ ಕೊರಳನ್ನು ನೋಡುತ್ತಾರೆ, ನಾನು ಅವರ ಕೊರಳನ್ನು ನೋಡುತ್ತೇನೆ. ನಾವಿಬ್ಬರೂ ಅದನ್ನೊಂದು ವಿಧಿಯಂತೆ ಪಾಲಿಸುತ್ತೇವೆ.

ಉಳಿದ ನಿಯಮಗಳೂ ಅಷ್ಟೇ ಕಟ್ಟುನಿಟ್ಟಾದವು. ಕಣ್ಣಿಗೆ ಕನ್ನಡಕ, ಮುಖಕ್ಕೆ ಜಾಲರಿ, ತಲೆಗೆ ಹೆಲ್ಮೆಟ್, ಕಾಲಿಗೆ ಉಕ್ಕಿನ ಮೂತಿಯ ಬೂಟು ಇವು ಇರಲೇಬೇಕು. ಗರಗಸದ ಸದ್ದು 100 ಡೆಸಿಬೆಲ್ ಮೀರುವುದರಿಂದ ಕಿವಿಗೆ ಮುಚ್ಚಳ ಬೇಕು. ತೊಡೆಯ ಮೇಲೆ ಕಟ್ಟುವ ಕಾಲುಕವಚದ ಯುಕ್ತಿ ಮೆಚ್ಚುವಂಥದು. ಅದು ಹಲ್ಲನ್ನು ತಡೆಯುವ ಗೋಡೆಯಲ್ಲ. ಸರಪಳಿ ತಾಗಿದೊಡನೆ ಒಳಗಿನ ಉದ್ದನೆಯ ನಾರುಗಳು ಹೊರಬಂದು ಚಕ್ರಕ್ಕೆ ಸುತ್ತಿಕೊಂಡು ಯಂತ್ರವನ್ನೇ ನಿಲ್ಲಿಸುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಗರಗಸದ ಮೂತಿಯ ಮೇಲ್ಭಾಗವನ್ನು ಅರಿಯುವುದು. ಆ ಭಾಗ ಮರಕ್ಕೆ ತಾಗಿದರೆ ಯಂತ್ರ ಕತ್ತರಿಸುವ ಬದಲು ಹಿಂದಕ್ಕೆ ಚಿಮ್ಮಿ ಹಿಡಿದವನ ಮುಖದತ್ತ ಬರುತ್ತದೆ. ಇದಕ್ಕಾಗಿಯೇ ಮುಂದಿನ ಕೈಗಾವಲಿನಲ್ಲಿ ಸರಪಳಿಯನ್ನು ತಟ್ಟನೆ ನಿಲ್ಲಿಸುವ ತಡೆಯಿದೆ. ಕೆತ್ತನೆಗೆಂದೇ ಮಾಡಿದ ಪಟ್ಟಿಗಳ ಮೂತಿ ಸಣ್ಣ ನಾಣ್ಯದಷ್ಟು ಕಿರಿದಾಗಿರುವುದರಿಂದ ಹಿಂದಕ್ಕೆ ಚಿಮ್ಮುವ ಬಲ ಬಹಳ ಕಡಿಮೆ. ಸೂಕ್ಷ್ಮವಾದ ಕಣ್ಣು, ಗರಿಗಳನ್ನು ಬಿಡಿಸುವುದೂ ಸಾಧ್ಯ. ಹಾಗಿದ್ದರೂ ಎರಡೂ ಕೈ ಯಂತ್ರದ ಮೇಲೆ, ಎರಡೂ ಕಾಲು ನೆಲದ ಮೇಲೆ, ಗರಗಸ ಭುಜಕ್ಕಿಂತ ಕೆಳಗೆ, ಇದಕ್ಕೆ ವಿನಾಯಿತಿಯಿಲ್ಲ. ದಣಿವಾದ ದಿನ, ಮನಸ್ಸು ಕಲಕಿದ ದಿನ ಯಂತ್ರವನ್ನು ಮುಟ್ಟುವಂತಿಲ್ಲ.

ಮೊದಲ ಎರಡು ವಾರ ನಾನು ಮರವನ್ನು ಮುಟ್ಟಲಿಲ್ಲ. ಸರಪಳಿಯ ಹಲ್ಲುಗಳನ್ನು ದುಂಡನೆಯ ಅರದಿಂದ ಮಸೆಯುವುದೇ ಪಾಠ. ಒಂದು ಹಲ್ಲಿಗೆ ಮೂರು ಸಲ ಅರ ಹಾಕಿದರೆ ಪ್ರತಿಯೊಂದಕ್ಕೂ ಮೂರೇ ಸಲ, ಒಂದೇ ಕೋನದಲ್ಲಿ. ಒಂದು ಕಡೆ ಹೆಚ್ಚಾದರೆ ಗರಗಸ ನೇರವಾಗಿ ಸಾಗದೆ ಓರೆಯಾಗಿ ತಿರುಗುತ್ತದೆ. ಹರಿತವಾದ ಸರಪಳಿ ಮರದಿಂದ ಚಕ್ಕೆಗಳನ್ನು ಹಾರಿಸುತ್ತದೆ, ಮೊಂಡಾದದ್ದು ಹುಡಿಯನ್ನು ಉದುರಿಸುತ್ತದೆ. ಮೊಂಡಾದುದನ್ನು ಒತ್ತಿ ನೂಕುವವನೇ ಗಾಯಗೊಳ್ಳುವವನು. ನಿತ್ಯ ಮುಂಜಾನೆಯ ಲಿಂಗಪೂಜೆಯೂ ಮನಸ್ಸಿಗೆ ಹಾಕುವ ಅರವೇ ಅಲ್ಲವೆ ಎಂದು ಆ ದಿನಗಳಲ್ಲಿ ಅನ್ನಿಸಿದ್ದುಂಟು. ಒಂದು ದಿನ ಹೆಚ್ಚು, ಒಂದು ದಿನ ಬಿಟ್ಟು ಮಾಡಿದರೆ ಬಾಳೂ ಓರೆಯಾಗಿಯೇ ಸಾಗುತ್ತದೆ.

ಬಳಿಕ ಮರದ ಪರಿಚಯ. ಈ ಸೀಮೆಯಲ್ಲಿ ಕೆತ್ತನೆಗೆ ಬಿಳಿ ಪೈನ್ ಉತ್ತಮ. ಅದು ಮೆದು, ಹಗುರ, ಎಳೆ ನೇರ. ಮೊದಲು ಕೆತ್ತಿದ್ದು ಅಣಬೆ. ಕೊಡೆಯಂತಹ ತಲೆ, ಕೆಳಗೆ ಕಾಂಡ, ಅಷ್ಟೆ. ದುಂಡನೆಯ ಆಕಾರವನ್ನು ನೇರವಾದ ಅಲಗಿನಿಂದ ತೆಗೆಯುವುದು ಹೇಗೆಂಬುದನ್ನು ಅದು ಕಲಿಸುತ್ತದೆ. ಅನಂತರ ಕರಡಿ. ನಮ್ಮ ಕಾಡಿನ ಕಪ್ಪು ಕರಡಿಯನ್ನು ನಡಿಗೆಯ ವೇಳೆ ದೂರದಿಂದ ಹಲವು ಸಲ ನೋಡಿದ್ದೇನೆ. ಆದರೆ ನೋಡುವುದು ಬೇರೆ, ಕೆತ್ತುವುದು ಬೇರೆ. ದಿಮ್ಮಿಯ ಮೇಲೆ ನಡುಗೆರೆ ಎಳೆದು, ಮೂಗಿನ ತುದಿ ಎಲ್ಲಿ ಬರಬೇಕೆಂದು ಮೊದಲು ಗುರುತಿಸಬೇಕು. ಮುಖದಲ್ಲಿ ಎಲ್ಲಕ್ಕಿಂತ ಮುಂದೆ ಚಾಚಿರುವುದು ಅದೇ. ಅಲ್ಲಿ ಮರ ಹೋದರೆ ಮತ್ತೆ ಬಾರದು. ಬಳಿಕ ದೊಡ್ಡ ದೊಡ್ಡ ಸಪಾಟುಗಳಲ್ಲಿ ತಲೆ, ಹೆಗಲು, ಹೊಟ್ಟೆಗಳನ್ನು ಬಿಡಿಸಬೇಕು. ಕಿವಿ, ಬಾಯಿ, ಪಂಜಗಳು ಆಮೇಲೆ. ಕಣ್ಣು ಕೊನೆಗೆ. ಕೂದಲನ್ನು ಗರಗಸದ ತುದಿಯಿಂದ ಗೀಚಿ, ಅನಿಲದ ಜ್ವಾಲೆಯಿಂದ ಮೇಲ್ಮೈಯನ್ನು ಕಪ್ಪಾಗಿಸಿ, ತಂತಿಯ ಕುಂಚದಿಂದ ಉಜ್ಜಿದರೆ ಕರಡಿಗೆ ಬಣ್ಣ ಬರುತ್ತದೆ. ಮಣ್ಣಿನ ಮೇಲೆ ನಿಲ್ಲಿಸಿದರೆ ಬುಡ ಕೊಳೆಯುವುದರಿಂದ ಕಲ್ಲಿನ ಮೇಲೆ ನಿಲ್ಲಿಸಿ, ವರ್ಷಕ್ಕೊಮ್ಮೆ ಎಣ್ಣೆ ಹಚ್ಚಬೇಕು.

ಬಿರುಕಿನ ಪಾಠ ನನಗೆ ಎಲ್ಲಕ್ಕಿಂತ ಹಿಡಿಸಿತು. ಹಸಿಯ ಮರ ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ಹೊರಮುಖವಾಗಿ ಕುಗ್ಗುವುದರ ಸುಮಾರು ಎರಡರಷ್ಟು. ಆದ್ದರಿಂದ ಇಡೀ ದಿಮ್ಮಿ ಎಲ್ಲಿಯಾದರೂ ಒಂದು ಕಡೆ ಬಿರಿಯಲೇಬೇಕು. ಕೆತ್ತನೆಗಾರ ಅದನ್ನು ತಡೆಯಲಾರ. ಆದರೆ ಬೆನ್ನಿನ ಕಡೆ ಮೇಲಿನಿಂದ ಕೆಳಗೆ ತಿರುಳಿನವರೆಗೂ ಒಂದು ಸೀಳು ಹಾಕಿಟ್ಟರೆ ಬಿರುಕು ಬಹುಮಟ್ಟಿಗೆ ಅಲ್ಲಿಯೇ ಅಗಲವಾಗುತ್ತದೆ; ಮುಖ ಉಳಿಯುತ್ತದೆ. ಸಂಸಾರದಲ್ಲಿಯೂ ಒತ್ತಡ ಬರುವುದನ್ನು ತಡೆಯಲಾಗದು. ಅದು ಹೊರಹೋಗಲು ಒಂದು ಹಾದಿಯನ್ನು ಮೊದಲೇ ಬಿಟ್ಟಿರಬೇಕೆಂದು ಆ ಹಿರಿಯರು ಹೇಳಿದಾಗ, ಐವತ್ತು ವರ್ಷ ಮರದೊಡನೆ ಬಾಳಿದವರ ಅನುಭಾವವಿದು ಎನ್ನಿಸಿತು.

ಕೆತ್ತುವುದಕ್ಕಾಗಿ ಜೀವಂತ ಮರವನ್ನು ಕಡಿಯುವುದಿಲ್ಲವೆಂಬುದು ನಾನಾಗಿ ಹಾಕಿಕೊಂಡ ನಿಯಮ. ಅದಕ್ಕೆ ಕಷ್ಟವೇನೂ ಆಗಿಲ್ಲ. ಬಿದ್ದ ಮರಗಳಿಗೆ ಇಲ್ಲಿ ಕೊರತೆಯಿಲ್ಲ. ಈಶಾನ್ಯ ಏಷ್ಯದಿಂದ ಬಂದ ಹಸಿರು ಬಣ್ಣದ ದುಂಬಿಯೊಂದು 2002ರಲ್ಲಿ ಮಿಶಿಗನ್ ರಾಜ್ಯದಲ್ಲಿ ಪತ್ತೆಯಾಯಿತು. 2007ರಲ್ಲಿ ಪೆನ್ಸಿಲ್ವೇನಿಯದಲ್ಲಿಯೂ ಕಾಣಿಸಿಕೊಂಡಿತು. ಅದರ ಮರಿಹುಳು ಆ್ಯಶ್ ಮರದ ತೊಗಟೆಯ ಕೆಳಗೆ ಸುರಂಗ ಕೊರೆದು ಆಹಾರದ ಹರಿವನ್ನೇ ಕಡಿದುಹಾಕುತ್ತದೆ. ಕೋಟಿಗಟ್ಟಲೆ ಮರಗಳು ನಿಂತಲ್ಲಿಯೇ ಸತ್ತವು. ಒಂದು ಹುಳು ಸರಪಳಿಯ ಹಲ್ಲನ್ನು ಕಲಿಸಿತು, ಇನ್ನೊಂದು ಕಾಡನ್ನೇ ಬರಿದುಮಾಡಿತು. ಆ್ಯಶ್ ಮರ ಗಟ್ಟಿ, ಕೆತ್ತುವುದು ಶ್ರಮ, ಬಿರಿಯುವುದೂ ಹೆಚ್ಚು. ಆದರೂ ಗಾಳಿಗೆ ಉರುಳಿದ, ಅಥವಾ ಬಲ್ಲವರು ರಸ್ತೆಯ ಬದಿಯಲ್ಲಿ ಕಡಿದುಹಾಕಿದ ಆ ಮರಗಳ ತುಂಡುಗಳಿಂದ ಹಲವು ಗೂಬೆಗಳನ್ನೂ ಪೀಠಗಳನ್ನೂ ಮಾಡಿದ್ದೇನೆ. ತುಂಡನ್ನು ದೂರದ ಊರಿಗೆ ಸಾಗಿಸುವುದಿಲ್ಲ. ಸಾಗಿಸಿದರೆ ಹುಳುವೂ ಜೊತೆಗೆ ಹೋಗುತ್ತದೆ. ಸತ್ತ ಮರಕ್ಕೆ ಮಕ್ಕಳು ಬಂದು ಕೈಯಾಡಿಸುವಂಥ ರೂಪವೊಂದು ದೊರೆತರೆ ಅದೂ ಒಂದು ಬಗೆಯ ದಯೆಯೇ.

ಹೊರನಾಡಿನ ನಮ್ಮ ಸಮಾಜದ ಬಂಧುವೊಬ್ಬರು, ಪೂಜಾಗೃಹದಲ್ಲಿಡಲು ದೊಡ್ಡದೊಂದು ಮರದ ಲಿಂಗವನ್ನು ಕೆತ್ತಿಕೊಡಬೇಕೆಂದು ಕೇಳಿದರು. ತಕ್ಕ ಹಣ ಕೊಡಲೂ ಸಿದ್ಧರಿದ್ದರು. ನಾನು ವಿನಯದಿಂದ ಒಲ್ಲೆನೆಂದೆ. ಬಸವಾದಿ ಶರಣರು ಸ್ಥಾವರವನ್ನು ಬಿಟ್ಟು ಅಂಗೈಯ ಮೇಲೆ ಇಷ್ಟಲಿಂಗವನ್ನು ಕೊಟ್ಟರು. ಗುರು ಕೊಟ್ಟದ್ದು ಎದೆಯ ಮೇಲಿರುವಾಗ ಗರಗಸದಿಂದ ಇನ್ನೊಂದನ್ನು ಮಾಡುವ ಅಗತ್ಯವೇನು? ಕರಡಿಯನ್ನು ಕರಡಿಯೆಂದೇ ನೋಡಿ ಸಂತೋಷಪಡಬಹುದು, ಅದಕ್ಕೆ ಯಾರೂ ಆರತಿ ಎತ್ತುವುದಿಲ್ಲ. ಅವರು ಮೊದಲು ಬೇಸರಗೊಂಡರೂ ಕೊನೆಗೆ ಬಾಗಿಲ ಬಳಿ ಇಡಲು ಪೀಠವೊಂದನ್ನು ಮಾಡಿಸಿಕೊಂಡರು. ಬಂದವರು ಕುಳಿತು ಪಾದರಕ್ಷೆ ಕಳಚಲು ಅದು ಉಪಯೋಗವಾಗುತ್ತಿದೆ.

ಹವ್ಯಾಸ ಕಾಯಕವಾಗುವುದು ಎಂದು? ಈ ಪ್ರಶ್ನೆಗೆ ನನಗೆ ದೊರೆತ ಉತ್ತರ ಸರಳವಾದದ್ದು. ಕಾಯಕಕ್ಕೆ ಸತ್ಯಶುದ್ಧವಾದ ದುಡಿಮೆ ಬೇಕು, ದಾಸೋಹವೂ ಬೇಕು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರು ಕಾಡಿನಿಂದ ಸೌದೆ ಹೊತ್ತು ಮಾರಿ ಜಂಗಮರಿಗೆ ಉಣಬಡಿಸಿದರು. ಬಾಚಿಕಾಯಕದ ಬಸವಯ್ಯನವರು ಬಡಗಿಯ ಬಾಚಿಯನ್ನೇ ತಮ್ಮ ಹೆಸರಾಗಿಸಿಕೊಂಡರು. ಮರವನ್ನು ಮುಟ್ಟುವ ಕೈಗೆ ಶರಣರಲ್ಲಿ ಕೀಳುತನವಿಲ್ಲ. ನಾನು ಕೆತ್ತಿದ್ದನ್ನು ಅಂಗಡಿಯಲ್ಲಿಟ್ಟು ಮಾರುವುದಿಲ್ಲ. ಪ್ರತಿ ವರ್ಷ ಬಸವ ಜಯಂತಿಗೆ ಎರಡು ಮೂರು ಕೆತ್ತನೆಗಳನ್ನು ನಮ್ಮ ಬಳಗದಲ್ಲಿ ಸವಾಲಿಗೆ ಇಡುತ್ತೇವೆ, ಬಂದ ಹಣ ಆ ದಿನದ ಪ್ರಸಾದಕ್ಕೆ ಸಲ್ಲುತ್ತದೆ. ಬೇಟೆಗೆ ಕರೆಯುತ್ತಿದ್ದ ನೆರೆಯವರೂ ಈಗ ಬಿರುಗಾಳಿಗೆ ಮರ ಉರುಳಿದೊಡನೆ ನನಗೇ ಮೊದಲು ಸುದ್ದಿ ಕೊಡುತ್ತಾರೆ. ಅವರಲ್ಲಿ ಕೆಲವರು ಸವಾಲಿನ ದಿನ ಬಂದು ನಮ್ಮೊಡನೆ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಂಡು ಹೋದದ್ದೂ ಉಂಟು. ಬಂದೂಕು ಹಿಡಿಯದವನಿಗೂ ಈ ಕಾಡಿನ ಊರಿನಲ್ಲಿ ಒಂದು ಸ್ಥಾನ ದೊರೆಯಿತು. ಅದಕ್ಕಾಗಿ ನನ್ನ ವ್ರತದಲ್ಲಿ ಎಳ್ಳಷ್ಟನ್ನೂ ಬಿಟ್ಟುಕೊಡಬೇಕಾಗಲಿಲ್ಲ.

ಓದುಗ ಬಂಧುಗಳೇ, ಎಲ್ಲರೂ ಗರಗಸ ಹಿಡಿಯಿರೆಂದು ನಾನು ಹೇಳಲಾರೆ. ಹಿಡಿಯುವವರು ಬಲ್ಲವರ ಬಳಿ ಕುಳಿತು ಕಲಿತೇ ಹಿಡಿಯಬೇಕು, ಮನೆಯವರ ಸಮ್ಮತಿಯಿಂದಲೇ ಹಿಡಿಯಬೇಕು. ಆದರೆ ದೂರದ ನಾಡುಗಳಲ್ಲಿ ನೆಲೆಸಿದ ನಮ್ಮ ಮಕ್ಕಳು, ಧರ್ಮದ ಗುರುತುಗಳು ಹೊಸ ಬಾಳುವೆಗೆ ಅಡ್ಡಿಯಾಗುತ್ತವೆಂದು ಭಾವಿಸಿ ಅವನ್ನು ಮೆಲ್ಲನೆ ತೆಗೆದಿಡುತ್ತಿರುವುದನ್ನು ಕಾಣುತ್ತಿದ್ದೇವೆ. ಅವರಿಗೆ ನಾನು ಹೇಳಬಯಸುವುದು ಇಷ್ಟೆ: ತೆಗೆದಿಡುವ ಮೊದಲು ಬಿಗಿಯಾಗಿ ಕಟ್ಟಿಕೊಳ್ಳುವ ದಾರಿಯನ್ನು ಹುಡುಕಿರಿ. ಹಿರಿಯರ ಆಚರಣೆಯಲ್ಲಿ ಅದು ಬಹುಪಾಲು ಇದ್ದೇ ಇರುತ್ತದೆ. ಇಲ್ಲದಿದ್ದರೆ ದಪ್ಪ ಹತ್ತಿಯ ಬಟ್ಟೆಯೂ, ಪ್ರೀತಿಯಿಂದ ಹೊಲಿದುಕೊಡುವ ಕೈಯೂ ಮನೆಯಲ್ಲಿ ಇರುತ್ತವೆ.